ತುಂಬಿದ ಎಲೆಯಲ್ಲಿ ಏನು ಕಡಿಮೆ?

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಗಾದೆಯ ತೂಕವಿರುವುದು 'ಬಲ್ಲವನಿಗೆ' ಎಂಬ ಪದದಲ್ಲಿ. ಹೊಟ್ಟೆ ತುಂಬ ಉಂಡವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಎಲ್ಲಿಯೂ ಹೇಳಲಿಲ್ಲ.

ಫ್ರಿಸ್ಕೋ ಮತ್ತು ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅನ್ನದ ಕೊರತೆಯಿಲ್ಲ. ಸೋನಾ ಮಸೂರಿಯಿಂದ ಹಿಡಿದು ರಾಗಿ ಹಿಟ್ಟಿನವರೆಗೆ ಎಲ್ಲವೂ ಹತ್ತು ನಿಮಿಷದ ದೂರದಲ್ಲಿ ದೊರೆಯುತ್ತವೆ. ಆದರೂ ನಾಲ್ವರು ಕನ್ನಡಿಗರು ಸೇರಿ ಮಾತು ಆರೋಗ್ಯದ ಕಡೆಗೆ ಹೊರಳಿದರೆ ಕೇಳಿಬರುವುದು ಒಂದೇ ಬಗೆಯ ವರದಿ: ಒಬ್ಬರಿಗೆ ಬಿ12 ಕಡಿಮೆ, ಇನ್ನೊಬ್ಬರಿಗೆ ಡಿ ಜೀವಸತ್ವ ಕಡಿಮೆ, ಕಾಲೇಜಿಗೆ ಹೋಗುವ ಮಗಳಿಗೆ ಕಬ್ಬಿಣಾಂಶ ಕಡಿಮೆ. ಇದನ್ನು ಕೇವಲ ಕಾಕತಾಳೀಯವೆಂದು ನಾವು ಭಾವಿಸುವುದಿಲ್ಲ. ಎರಡು ದೇಶಗಳ ರಕ್ಷಣಾ ವ್ಯವಸ್ಥೆಗಳ ನಡುವಿನ ಸಂದಿಯಲ್ಲಿ ನಮ್ಮ ಅಡುಗೆಮನೆ ಸಿಲುಕಿದೆ ಎಂಬುದು ನಮ್ಮ ಅಭಿಪ್ರಾಯ.

ಈ ಮಾತಿಗೆ ನಮ್ಮ ಟೆಕ್ಸಸ್ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. 1991ರಲ್ಲಿ ದಕ್ಷಿಣದ ಗಡಿಯೂರಾದ ಬ್ರೌನ್ಸ್‌ವಿಲ್‌ನಲ್ಲಿ ಒಂದೂವರೆ ದಿನದ ಅವಧಿಯಲ್ಲಿ ಮೂರು ಶಿಶುಗಳು ಮಿದುಳು ಪೂರ್ಣವಾಗಿ ಬೆಳೆಯದೆ ಜನಿಸಿದವು. ಗರ್ಭಧಾರಣೆಯ ಆರಂಭದಲ್ಲಿ ತಾಯಿಗೆ ಸಾಕಷ್ಟು ಫೋಲಿಕ್ ಆಮ್ಲ ದೊರೆತರೆ ಇಂತಹ ಅನೇಕ ನ್ಯೂನತೆಗಳನ್ನು ತಡೆಯಬಹುದೆಂಬುದು ಅದೇ ಕಾಲದ ಸಂಶೋಧನೆಗಳಿಂದ ದೃಢಪಟ್ಟಿತು. 1998ರಿಂದ ಅಮೆರಿಕದಲ್ಲಿ ಪೋಷಕಾಂಶ ಬೆರೆಸಿದ ಗೋಧಿ ಹಿಟ್ಟು, ಅಕ್ಕಿ ಮುಂತಾದವುಗಳಿಗೆ ಫೋಲಿಕ್ ಆಮ್ಲವನ್ನೂ ಸೇರಿಸುವುದು ಕಡ್ಡಾಯವಾಯಿತು. ಆದರೆ ಗಡಿನಾಡಿನ ಮೆಕ್ಸಿಕನ್ ಮೂಲದ ತಾಯಂದಿರು ದಿನನಿತ್ಯ ರೊಟ್ಟಿ ಮಾಡುತ್ತಿದ್ದ ಜೋಳದ ಮಾಸಾ ಹಿಟ್ಟು ಆ ನಿಯಮದಿಂದ ಹೊರಗುಳಿಯಿತು. ಅದಕ್ಕೆ ಫೋಲಿಕ್ ಆಮ್ಲ ಸೇರಿಸಲು ಅನುಮತಿ ದೊರೆತದ್ದು 2016ರಲ್ಲಿ, ಅದೂ ಐಚ್ಛಿಕವಾಗಿ. ಯಾರ ಮನೆಯ ದುಃಖ ದೇಶದ ಕಣ್ಣು ತೆರೆಸಿತೋ ಅವರ ತಟ್ಟೆಗೇ ಆ ರಕ್ಷಣೆ ತಡವಾಗಿ ತಲುಪಿತು.

ನಮ್ಮ ತಟ್ಟೆಯ ಸ್ಥಿತಿಯೂ ಇದಕ್ಕೆ ಹತ್ತಿರವಾದುದು. ನಾವು ಕೊಳ್ಳುವ ಚಪಾತಿ ಹಿಟ್ಟು ಇಡೀ ಗೋಧಿಯದು. ಬಿಳಿಯ ಹಿಟ್ಟಿನ ನಿಯಮ ಅದಕ್ಕೆ ಅನ್ವಯಿಸದು. ಭಾರತದಿಂದ ಬರುವ ಅಕ್ಕಿಯಲ್ಲಿ ಸಾಮಾನ್ಯವಾಗಿ ಸೇರಿಸಿದ ಜೀವಸತ್ವಗಳಿರುವುದಿಲ್ಲ. ಇಲ್ಲಿನ ಪೋಷಿತ ಅಕ್ಕಿಯನ್ನು ತಂದರೂ, ಮೂರು ನೀರಿನಲ್ಲಿ ತೊಳೆಯುವ ನಮ್ಮ ಪದ್ಧತಿಯಿಂದ ಮೇಲ್ಪದರದ ಜೀವಸತ್ವ ಹರಿದುಹೋಗುತ್ತದೆ. ಉಪ್ಪಿನ ಕಥೆಯೂ ಹೀಗೆಯೇ. ಗಳಗಂಡ ರೋಗವನ್ನು ಕಂಡ ಮಲೆನಾಡಿನಿಂದ ಬಂದ ಮನೆಗಳೂ ನಮ್ಮಲ್ಲಿವೆ. ಭಾರತದಲ್ಲಿ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಅಯೋಡಿನ್ ಉಪ್ಪು ಮನೆಮನೆ ಸೇರಿತು. ಇಂದು ನಾವು ಆರೋಗ್ಯದ ಹೆಸರಿನಲ್ಲಿಯೇ ಗುಲಾಬಿ ಬಣ್ಣದ ಹಿಮಾಲಯದ ಉಪ್ಪನ್ನು ತಂದು, ಹಿಂದಿನ ತಲೆಮಾರು ಗಳಿಸಿದ ರಕ್ಷಣೆಯನ್ನು ಕೈಯಾರೆ ಬಿಟ್ಟುಕೊಡುತ್ತಿದ್ದೇವೆ.

'ನಮ್ಮ ಅಜ್ಜ ಅಜ್ಜಿ ಇದನ್ನೇ ಉಂಡು ಗಟ್ಟಿಯಾಗಿ ಬಾಳಲಿಲ್ಲವೇ?' ಎಂಬ ಪ್ರಶ್ನೆ ಸಹಜ. ಅವರು ಉಂಡದ್ದು ಇದನ್ನೇ ಅಲ್ಲ. ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪುಗಳ ರೂಪದಲ್ಲಿ ಪ್ರತಿದಿನ ಸೊಪ್ಪು ಅವರ ಊಟದಲ್ಲಿತ್ತು, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ರಾಗಿಯಿತ್ತು, ಹೊಲದ ಬಿಸಿಲಿತ್ತು. ಹಾಗೆಂದು ಆ ಕಾಲವನ್ನು ಸ್ವರ್ಗವೆನ್ನಲೂ ಆಗದು. ರಕ್ತಹೀನತೆಯಿಂದ ಬಳಲಿ, ಅದನ್ನು 'ಬಾಣಂತಿಯ ನಿಶ್ಶಕ್ತಿ' ಎಂದೇ ಸಹಿಸಿದ ಅಜ್ಜಿಯರು ಅನೇಕರು.

ಕೊರತೆಗಳಲ್ಲೆಲ್ಲ ನಾವು ಹೆಚ್ಚು ಚಿಂತಿಸಬೇಕಾದುದು ಬಿ12ರ ಬಗ್ಗೆ. ಇದು ಸ್ವಾಭಾವಿಕವಾಗಿ ದೊರೆಯುವುದು ಪ್ರಾಣಿಮೂಲದ ಆಹಾರದಲ್ಲಿ. ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಆಧಾರ. ಇಡ್ಲಿ ಹಿಟ್ಟಿನ ಹುದುಗಿನಿಂದ ಸಾಕಷ್ಟು ಬಿ12 ದೊರೆಯುತ್ತದೆಂಬ ನಂಬಿಕೆಯನ್ನು ಆಧರಿಸಿ ನಿಶ್ಚಿಂತರಾಗುವಂತಿಲ್ಲ. ವಯಸ್ಕರಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು. ಒಂದು ಕಪ್ ಹಾಲಿನಲ್ಲಿ ಅದರ ಅರ್ಧದಷ್ಟು ಮಾತ್ರ ಇದೆ. ಕಾಫಿಗೆ ಬೆರೆಸಿದ ಎರಡು ಚಮಚ ಹಾಲು, ನೀರು ಮಜ್ಜಿಗೆ ಇವುಗಳಿಂದ ಲೆಕ್ಕ ತುಂಬುವುದಿಲ್ಲ. ಬಾದಾಮಿ ಹಾಲಿಗೆ ಬದಲಾಯಿಸಿಕೊಂಡವರು ಡಬ್ಬಿಯ ಮೇಲಿನ ಚೀಟಿಯಲ್ಲಿ ಬಿ12 ಸೇರಿಸಿದೆಯೇ ಎಂದು ನೋಡಬೇಕು. ವಯಸ್ಸಾದಂತೆ ಜಠರವು ಆಹಾರದಿಂದ ಬಿ12 ಅನ್ನು ಬೇರ್ಪಡಿಸುವ ಶಕ್ತಿ ಕುಂದುತ್ತದೆ. ಸಕ್ಕರೆ ಕಾಯಿಲೆಗೆ ಹಲವು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿಯೂ ಅದು ಕಡಿಮೆಯಾಗಬಹುದು.

ಇಲ್ಲಿ ನಮ್ಮ ಕಣ್ಮುಂದೆ ಬರುವವರು ಊರಿನಿಂದ ಆರು ತಿಂಗಳಿಗೆಂದು ಬರುವ ತಂದೆ ತಾಯಿಯರು. ಪಾದದಲ್ಲಿ ಜುಮ್ಮೆನ್ನುವುದು, ನಡೆಯುವಾಗ ತೂಕ ತಪ್ಪುವುದು, ಮರೆವು ಇವೆಲ್ಲವನ್ನೂ 'ವಯಸ್ಸಾಯಿತಲ್ಲ' ಎಂದು ಅವರೂ ನಾವೂ ಬದಿಗೆ ಸರಿಸುತ್ತೇವೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಬಿ12 ಸಂಗ್ರಹವಿರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಬಹುಕಾಲ ಕಡೆಗಣಿಸಿದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದುದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ನಾವು ಹೆತ್ತವರಿಗೆ ಮಾಡುವ ಅನ್ಯಾಯ.

ಡಿ ಜೀವಸತ್ವದ ವಿಷಯ ವಿಚಿತ್ರವಾದುದು. ಬಿಸಿಲಿಗೆ ಹೆಸರಾದ ನಾಡಿನಲ್ಲಿದ್ದೂ ನಾವು ಬಿಸಿಲನ್ನು ಕಾಣುವುದು ಕಿಟಕಿಯ ಗಾಜಿನ ಮೂಲಕ. ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ಬೇಕಾದ ಕಿರಣಗಳು ಗಾಜನ್ನು ದಾಟುವುದಿಲ್ಲ. ನಮ್ಮಂತಹ ಕಂದು ಮೈಬಣ್ಣದವರಿಗೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಇಲ್ಲಿನ ಹಾಲಿಗೆ ಸಾಮಾನ್ಯವಾಗಿ ಡಿ ಜೀವಸತ್ವ ಸೇರಿಸಿರುತ್ತಾರೆ. ಅದೇ ಹಾಲಿಗೆ ಹೆಪ್ಪು ಹಾಕಿದ ಮನೆಯ ಮೊಸರಿನಲ್ಲಿಯೂ ಅದು ಉಳಿಯುತ್ತದೆ.

ಕಬ್ಬಿಣಾಂಶಕ್ಕೆ ಪರಿಹಾರದ ಒಂದು ಭಾಗ ನಮ್ಮ ಎಲೆಯ ತುದಿಯಲ್ಲಿಯೇ ಇದೆ. ನಿಂಬೆರಸ ಹಿಂಡಿದ ಹೆಸರುಬೇಳೆ ಕೋಸಂಬರಿಯಲ್ಲಿನ ಸಿ ಜೀವಸತ್ವವು ಕಾಳು, ಸೊಪ್ಪುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಹುರುಳಿ, ರಾಗಿಗಳನ್ನು ಮೊಳಕೆ ಬರಿಸುವುದರ ಲಾಭವೂ ಇಂಥದೇ. ಊಟವಾದ ಕೂಡಲೇ ಕುಡಿಯುವ ಫಿಲ್ಟರ್ ಕಾಫಿ ಇದಕ್ಕೆ ಅಡ್ಡಿ. ಕಾಫಿಯನ್ನು ಬಿಡಿರೆಂದು ಕನ್ನಡಿಗರಿಗೆ ಹೇಳುವ ಧೈರ್ಯ ನಮಗಿಲ್ಲ. ಒಂದು ಗಂಟೆ ಮುಂದೂಡಿರೆಂದಷ್ಟೇ ವಿನಂತಿ.

ಇದನ್ನೆಲ್ಲ ಓದಿ ಯಾರೂ ತಾವಾಗಿ ಮಾತ್ರೆಗಳ ಡಬ್ಬಿಗಳನ್ನು ತರಿಸಿಕೊಳ್ಳಬಾರದು. ಡಿ ಜೀವಸತ್ವ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಪರೀಕ್ಷೆ ಮೊದಲು, ವೈದ್ಯರ ಮಾತು ಅನಂತರ, ಮಾತ್ರೆ ಕೊನೆಗೆ.

ಸಂಘದ ಮುಂದೆ ನಾವು ಮೂರು ಸಲಹೆಗಳನ್ನಿಡುತ್ತೇವೆ. ಯುಗಾದಿ, ರಾಜ್ಯೋತ್ಸವಗಳ ಊಟದಲ್ಲಿ ಎರಡು ಸಿಹಿಗಳ ಬದಲು ಒಂದು ಸಿಹಿಯಿರಲಿ, ಆ ಜಾಗಕ್ಕೆ ಸೊಪ್ಪಿನ ಪಲ್ಯ ಅಥವಾ ಮೊಳಕೆ ಕಾಳಿನ ಉಸಲಿ ಬರಲಿ. ನಮ್ಮಲ್ಲಿಯೇ ಇರುವ ವೈದ್ಯ ಮಿತ್ರರು ವರ್ಷಕ್ಕೊಮ್ಮೆ ಹಿರಿಯರಿಗಾಗಿ, ಕನ್ನಡದಲ್ಲಿ, ಈ ವಿಷಯವನ್ನು ಮಾತನಾಡಲಿ. ವಸಂತದಲ್ಲಿ ಬಸಳೆ, ಹರಿವೆಗಳ ಬೀಜ, ಕಡ್ಡಿಗಳ ವಿನಿಮಯ ನಡೆಯಲಿ. ಪಾಲಕ್ ಬಾಡಿಹೋಗುವ ಇಲ್ಲಿನ ಬೇಸಗೆಯಲ್ಲಿಯೂ ಬಸಳೆ ಬಳ್ಳಿ ಹಿತ್ತಲಿನ ಬೇಲಿ ಹಬ್ಬುತ್ತದೆ. ಸಂಜೆ ಅದಕ್ಕೆ ನೀರು ಹಾಕಲು ಅಜ್ಜ ಅಜ್ಜಿಯರೊಡನೆ ಮೊಮ್ಮಕ್ಕಳೂ ಹೊರಗೆ ಬಂದರೆ ಆ ಬಳ್ಳಿ ಇನ್ನಷ್ಟು ಸಾರ್ಥಕ.

ಮುಂದಿನ ವಾರ ಊರಿಗೆ ಫೋನ್ ಮಾಡಿದಾಗ 'ಊಟ ಆಯ್ತಾ?' ಎಂದು ನಾವೆಲ್ಲರೂ ಕೇಳಿಯೇ ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳೋಣ: 'ಅಮ್ಮಾ, ಕಾಲು ಜುಮ್ಮೆನ್ನುತ್ತದೆಯೇ?'