ಸರಾಸರಿಯಲ್ಲಿ ಮುಚ್ಚಿಹೋದ ಗಾಯ

ಇಲಿಯ ಒಂದು ಮೂತ್ರಪಿಂಡವನ್ನು ಪೂರ್ತಿ, ಇನ್ನೊಂದರಲ್ಲಿ ಮೂರರಲ್ಲೆರಡು ಪಾಲನ್ನು ತೆಗೆದುಬಿಡುತ್ತಾರೆ. ಉಳಿದ ಚೂರು ಇಡೀ ದೇಹದ ರಕ್ತ ಸೋಸಲು ಹೆಣಗುತ್ತದೆ. ಗ್ಲೊಮೆರುಲಸ್ ಎಂಬ ಅದರ ಸೂಕ್ಷ್ಮ ಶೋಧಕಗಳು ಕ್ರಮೇಣ ಕಲೆಗಟ್ಟುತ್ತವೆ. ವಿದ್ಯಾರ್ಥಿಯಾಗಿದ್ದಾಗ ಆ ಕಲೆ ಅಳೆಯುವುದು ನನ್ನ ಕೆಲಸ. ಕಲೆಯಿಲ್ಲದಿದ್ದರೆ 0, ಕಾಲುಭಾಗದೊಳಗೆ 1, ಅರ್ಧದೊಳಗೆ 2, ಮುಕ್ಕಾಲಿನೊಳಗೆ 3, ಮೀರಿದರೆ 4. ಕೊನೆಗೆ ಎಲ್ಲದರ ಸರಾಸರಿ.

ನನ್ನ ತಕರಾರು ಈ ಸರಾಸರಿಯ ಮೇಲೆ. 100 ಶೋಧಕಗಳಲ್ಲಿ 50 ಹಾಳಾಗಿ 50 ನೆಟ್ಟಗಿದ್ದರೂ ಉತ್ತರ 2. ನೂರಕ್ಕೆ ನೂರೂ ಅರೆಬರೆ ಕಲೆಗಟ್ಟಿದ್ದರೂ ಉತ್ತರ 2. ಎರಡೂ ಒಂದೇ ಕಾಯಿಲೆಯೇ?

ಇನ್ನೊಂದು ತಪ್ಪು ನನ್ನದೇ. ಯಾವ ಸ್ಲೈಡು ಔಷಧ ಕೊಟ್ಟ ಇಲಿಯದ್ದೆಂದು ನನಗೆ ಗೊತ್ತಿರುತ್ತಿತ್ತು. 2ಕ್ಕೂ 3ಕ್ಕೂ ನಡುವೆ ಅನುಮಾನ ಬಂದಾಗ ಕೈ 2ರತ್ತ ವಾಲುತ್ತಿತ್ತು. ಸುಳ್ಳು ಬರೆಯೆಂದು ಯಾರೂ ಹೇಳಿರಲಿಲ್ಲ. ಔಷಧ ಗೆಲ್ಲಲೆಂಬ ಆಸೆಯೇ ಬರೆಸಿತು.

‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂಬ ಸಮಜಾಯಿಷಿ ಸಾಕು. ಸ್ಲೈಡಿನ ಗುರುತು ಮುಚ್ಚಿ ಎಣಿಸಿ. ಯಾವ ಅಂಕ ಎಷ್ಟು ಶೋಧಕಗಳಿಗೆ ಬಂತೆಂದು ಬಿಡಿಬಿಡಿಯಾಗಿ ಪ್ರಕಟಿಸಿ. ಇಲಿಯ ಜೀವ ತೆಗೆದಿದ್ದೇವೆ. ಲೆಕ್ಕವನ್ನಾದರೂ ನೆಟ್ಟಗೆ ಕೊಡಬೇಡವೇ?