ಹಸಿವಿಗೂ ಒಂದು ಗಡಿಯಾರ

ಹಂಪಿಗೆ ಪ್ರವಾಸ ಹೋದ ಶಾಲಾ ಮಕ್ಕಳು ಕಲ್ಲಿನ ರಥದಷ್ಟೇ ಬೆರಗಿನಿಂದ ನೋಡುವ ಇನ್ನೊಂದು ವಸ್ತುವಿದೆ. ಅದು ಊಟದ ತಟ್ಟೆ. ನೀರಿನ ಕಾಲುವೆಯ ಪಕ್ಕದಲ್ಲಿ ಸಾಲಾಗಿ ಹಾಸಿದ ಕಲ್ಲಿನ ತಟ್ಟೆಗಳು. ಒಂದೊಂದರಲ್ಲೂ ಅನ್ನಕ್ಕೆ, ಪಲ್ಯಕ್ಕೆ ಬೇರೆ ಬೇರೆ ಕುಳಿಗಳು. ಇಲ್ಲಿ ಕುಳಿತು ಉಂಡವರು ಯಾರು ಎಂದು ಮಕ್ಕಳು ಕೇಳುತ್ತಾರೆ. ಇನ್ನೂ ಒಂದು ಪ್ರಶ್ನೆ ಕೇಳಬಹುದು: ಊಟದ ಹೊತ್ತಾಯಿತೆಂದು ಅವರಿಗೆ ಹೇಳಿದವರು ಯಾರು?

ಅವರಿಗೆ ಹೇಳಿದ್ದೂ, ಇಂದು ನಮಗೆ ಹೇಳುತ್ತಿರುವುದೂ ಜಠರವೇ. ಅದು ಮೆದುಳಿಗೆ ಕಳಿಸುವ ದೂತನ ಹೆಸರು ಗ್ರೆಲಿನ್. 1999ರಲ್ಲಿ ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ತಂಡ ಇದನ್ನು ಇಲಿಯ ಜಠರದಲ್ಲಿ ಪತ್ತೆ ಮಾಡಿತು. ಇದು 28 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಹೊಟ್ಟೆ ಖಾಲಿಯಾದಂತೆ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ವಿಶೇಷವೆಂದರೆ, ನೀವು ದಿನವೂ ಊಟ ಮಾಡುವ ಹೊತ್ತಿಗೆ ಸರಿಯಾಗಿ ಅದು ಏರಲು ಕಲಿಯುತ್ತದೆ. ಎಂದರೆ ಹಸಿವಿಗೂ ಒಂದು ಗಡಿಯಾರವಿದೆ. ಅದಕ್ಕೆ ಕೀಲಿ ಕೊಡುವವರು ನಾವೇ.

ಮಧುಮೇಹಕ್ಕೂ ಇದಕ್ಕೂ ಏನು ಸಂಬಂಧ? ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಮೇದೋಜೀರಕ ಗ್ರಂಥಿಯಿಂದ ಬರುತ್ತದೆಂದು ಪಾಠದಲ್ಲಿ ಓದಿದ್ದೀರಿ. ಗ್ರೆಲಿನ್ ಆ ಗ್ರಂಥಿಗೆ 'ಸ್ವಲ್ಪ ತಡೆ' ಎನ್ನುತ್ತದೆ. ಹೊಟ್ಟೆಯಲ್ಲಿ ಏನೂ ಇಲ್ಲದಾಗ ಇನ್ಸುಲಿನ್ ಸುರಿದರೆ ಸಕ್ಕರೆ ಕುಸಿಯುತ್ತದಲ್ಲವೆ? ಗ್ರೆಲಿನ್ ಕೆಲಸ ಮಾಡದಂತೆ ಮಾಡಿದ ಇಲಿಗಳಿಗೆ ವಾರವಿಡೀ ಅರೆಹೊಟ್ಟೆ ಆಹಾರ ಕೊಟ್ಟಾಗ ಅವುಗಳ ಸಕ್ಕರೆ ಕುಸಿದು ಸಾಯುವ ಸ್ಥಿತಿ ತಲುಪಿದವೆಂದು 2010ರ ಒಂದು ಪ್ರಯೋಗ ತೋರಿಸಿತು. ಹಸಿವಿನ ಹಾರ್ಮೋನು ನಮ್ಮ ವೈರಿಯಲ್ಲ, ಕಾವಲುಗಾರ.

ಆದರೆ ಕಾವಲುಗಾರನನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿದರೆ? ಕಂಪ್ಲಿಯಿಂದ ಹೊಸಪೇಟೆಯ ಕಾಲೇಜಿಗೆ ಬರುವ ಹುಡುಗನನ್ನು ನೆನೆಯಿರಿ. "ಏನಾರ ತಿಂದು ಹೋಗಪ್ಪಾ" ಎಂದು ತಾಯಿ ಕೂಗುವಷ್ಟರಲ್ಲಿ ಅವನು ಬಸ್ಸಿನಲ್ಲಿರುತ್ತಾನೆ. ಸಂಜೆ ಮಿರ್ಚಿ, ಮಂಡಕ್ಕಿ, ಸಿಹಿ ಚಹಾ. ರಾತ್ರಿ ಎರಡರವರೆಗೆ ಓದು, ಕೈಯಲ್ಲಿ ಮೊಬೈಲು. ಸಂಡೂರಿನ ಗಣಿಯಲ್ಲೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ರಾತ್ರಿ ಪಾಳಿ ಮಾಡುವ ತಂದೆಯ ಪಾಡೂ ಇದೇ.

ಇದರ ಫಲವನ್ನು 2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಳೆದು ನೋಡಿದರು. ಹನ್ನೆರಡು ಆರೋಗ್ಯವಂತ ಯುವಕರು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದಾಗ, ಹತ್ತು ಗಂಟೆ ಮಲಗಿದ್ದಾಗಿಗಿಂತ ಗ್ರೆಲಿನ್ ಶೇ 28ರಷ್ಟು ಹೆಚ್ಚಿತ್ತು. 'ಸಾಕು' ಎನ್ನುವ ಲೆಪ್ಟಿನ್ ಶೇ 18ರಷ್ಟು ಕಡಿಮೆಯಿತ್ತು. ಅವರಿಗೆ ಹೆಚ್ಚು ಬೇಕೆನಿಸಿದ್ದು ಸಿಹಿ ಮತ್ತು ಕುರುಕಲು! ನಿದ್ದೆಗೆಟ್ಟ ದೇಹದಲ್ಲಿ ಇನ್ಸುಲಿನ್ನಿನ ಕೆಲಸವೂ ಮಂದವಾಗುತ್ತದೆ. ಗ್ರೆಲಿನ್ ಒಂದರಿಂದಲೇ ಸಕ್ಕರೆ ಕಾಯಿಲೆ ಬರುವುದಿಲ್ಲ. ಆದರೆ ಇಂಥ ವರ್ಷಗಳು ಕೂಡಿ ಬೊಜ್ಜಿಗೂ ಮಧುಮೇಹಕ್ಕೂ ದಾರಿ ಮಾಡಿಕೊಡುತ್ತವೆ. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು.

ಹಾಗಾದರೆ ಉಪವಾಸ ಬಿದ್ದು ಬೊಜ್ಜು ಕರಗಿಸೋಣವೆ? ಅದೂ ಸುಲಭವಲ್ಲ. ಬೊಜ್ಜಿರುವವರಲ್ಲಿ ಗ್ರೆಲಿನ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಪಥ್ಯ ಮಾಡಿ ತೂಕ ಇಳಿಸಿದಾಗ ಅದು ಏರಿ, ಕಳೆದುಕೊಂಡ ತೂಕವನ್ನು ಮರಳಿ ತರಲು ಹವಣಿಸುತ್ತದೆ. ಆದ್ದರಿಂದ 'ಬಾಯಿ ಕಟ್ಟಲಾರೆಯಾ?' ಎಂದು ದಪ್ಪಗಿರುವ ಮಗುವನ್ನು ಹಂಗಿಸಬೇಡಿ. ತೂಕ ನಿಧಾನವಾಗಿ ಇಳಿಯಲಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಊಟಕ್ಕೆ ಹೊತ್ತು ಗೊತ್ತುಮಾಡಿ. ಸಿಹಿ ತಿನಿಸು ಗ್ರೆಲಿನ್ನನ್ನು ಬೇಗ ಇಳಿಸಿ ಬೇಗ ಏರಿಸುತ್ತದೆ. ಕಾಳು, ಮೊಟ್ಟೆ, ಮೊಸರಿನ ಪ್ರೋಟೀನು ಹೆಚ್ಚು ಹೊತ್ತು ತಡೆದು ನಿಲ್ಲಿಸುತ್ತದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬುತ್ತಿಗೆ ಕಟ್ಟಿದರೆ ಬಸ್ಸಿನಲ್ಲೂ ತಿನ್ನಬಹುದು. ಪರೀಕ್ಷೆಯ ದಿನಗಳಲ್ಲೂ ಏಳೆಂಟು ಗಂಟೆ ನಿದ್ದೆ ಬೇಕು.

ಕೊನೆಗೆ ಎರಡು ಎಚ್ಚರಿಕೆ. ಮಗು ಎಷ್ಟು ತಿಂದರೂ ಸೊರಗುತ್ತಿದ್ದರೆ, ಬಾಯಾರಿಕೆ ಹೆಚ್ಚಿ ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರೆ, ಅದು 'ಬೆಳೆಯುವ ಮಕ್ಕಳ ಹಸಿವು' ಎಂದು ಸುಮ್ಮನಿರಬೇಡಿ. ಅದು ಮಕ್ಕಳ ಮಧುಮೇಹವಿರಬಹುದು. ಅಂದೇ ರಕ್ತ ಪರೀಕ್ಷೆ ಮಾಡಿಸಿ. ಇನ್ನು, ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದ್ದಕ್ಕಿದ್ದಂತೆ ಹಸಿವು, ಬೆವರು, ನಡುಕ ಬಂದರೆ ಸಕ್ಕರೆ ಕುಸಿದಿರಬಹುದು. ಕೂಡಲೇ ಸಕ್ಕರೆ ನೀರು ಕುಡಿಸಿ, ನಂತರ ವೈದ್ಯರಿಗೆ ತಿಳಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಂಪ್ಲಿಯ ಆ ಹುಡುಗನಿಗೆ ತಾಯಿ ದಿನವೂ ಹೇಳುವ ಮಾತನ್ನೇ ಪ್ರಯೋಗಾಲಯವೂ ಹೇಳುತ್ತಿದೆ. ನಾಳೆ ಐದು ನಿಮಿಷ ಮೊದಲೇ ಎದ್ದು, ತಿಂದು ಹೊರಡಿ.