ಪ್ರತಿ ಚಳಿಗಾಲವೂ ಮಂಜಿನದೇ ತಪ್ಪೇ?

ಡಿಸೆಂಬರ್ ಬಂತೆಂದರೆ ಉತ್ತರದ ರೈಲುಗಳ ರದ್ದುಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಕಾರಣ: ಮಂಜು. ಗ್ವಾಲಿಯರ್, ಆಗ್ರಾ ಸುತ್ತ ಕವಿದ ಮಂಜಿಗೆ, ಬಿಸಿಲು ಕಾಯುವ ಕಲಬುರಗಿ, ರಾಯಚೂರಿನ ಪ್ಲಾಟ್‌ಫಾರಂಗಳಲ್ಲಿ ದೆಹಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್‌ಗಾಗಿ ಜನ ಗಂಟೆಗಟ್ಟಲೆ ಕೂರಬೇಕು. ಪ್ರಕೃತಿಯ ಮುಂದೆ ಯಾರೇನು ಮಾಡಲಾದೀತು ಎಂಬ ಸಮಾಧಾನ ಬೇರೆ.

ಇದಕ್ಕೆ ಉತ್ತರವಾಗಿ ಕೆಲವರು ಜಪಾನಿನ ಹಿಮ ಸೀಳಿ ಓಡುವ ಶಿಂಕಾನ್ಸೆನ್ ಬುಲೆಟ್ ರೈಲಿನ ವಿಡಿಯೊ ತೋರಿಸುತ್ತಾರೆ. ಅದೂ ಅರ್ಧ ಸತ್ಯವೇ. ಶ್ರೀಮಂತ ದೇಶಗಳೂ ಚಳಿಗೆ ಮಣಿದಿವೆ. 2009ರ ಡಿಸೆಂಬರ್‌ನಲ್ಲಿ ಪುಡಿ ಹಿಮ ಇಂಜಿನ್ನಿನೊಳಗೆ ನುಗ್ಗಿ, ಸುರಂಗದ ಬಿಸಿಗೆ ಕರಗಿ ನೀರಾಗಿ, ಐದು ಯೂರೋಸ್ಟಾರ್ ರೈಲುಗಳು ಇಂಗ್ಲಿಷ್ ಕಡಲ್ಗಾಲುವೆಯಡಿ ಕೆಟ್ಟು ನಿಂತವು. ಎರಡು ಸಾವಿರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು.

ಜಪಾನಿನಿಂದ ನಮಗೆ ಬೇಕಾದ ಪಾಠ ಬೇರೆಯೇ ಇದೆ. 1964ರಲ್ಲಿ ಶಿಂಕಾನ್ಸೆನ್ ಶುರುವಾದಾಗಲೇ ಹಳಿ ಪಕ್ಕದ ಸಿಗ್ನಲ್ ಕಂಬ ನೋಡಿ ಓಡಿಸುವ ಪದ್ಧತಿಯನ್ನು ಅವರು ಕೈಬಿಟ್ಟರು. ಎಷ್ಟು ವೇಗದಲ್ಲಿ ಹೋಗಬಹುದೆಂದು ಚಾಲಕರ ಮುಂದಿನ ಫಲಕವೇ ಹೇಳುತ್ತದೆ. ಹೊರಗೆ ಏನು ಕವಿದರೂ ಅದು ಮರೆಯಾಗದು. ನಮ್ಮ ಲೋಕೋಪೈಲಟ್‌ಗಳು ಇಂದಿಗೂ ಬಹಳಷ್ಟು ಕಡೆ ಕಣ್ಣು ಕಿರಿದು ಮಾಡಿಕೊಂಡು ಸಿಗ್ನಲ್ ಹುಡುಕುತ್ತಾರೆ. ಹಳಿಯ ಮೇಲಿಟ್ಟ ಪಟಾಕಿ ಚಕ್ರದಡಿ ಸಿಡಿದರೆ ಸಿಗ್ನಲ್ ಹತ್ತಿರವಾಯಿತೆಂದು ಅರ್ಥ. ಜಿಪಿಎಸ್ ಆಧರಿಸಿದ ಫಾಗ್‌ಪಾಸ್ ಉಪಕರಣ ಸಿಗ್ನಲ್ ಎಷ್ಟು ದೂರವಿದೆ ಎನ್ನುತ್ತದೆಯೇ ಹೊರತು, ಅಲ್ಲಿ ಉರಿಯುತ್ತಿರುವುದು ಕೆಂಪೋ ಹಸಿರೋ ಎಂದು ತಿಳಿಸದು. ಅದಿದ್ದರೂ ದಟ್ಟ ಮಂಜಿನಲ್ಲಿ ಗಂಟೆಗೆ 75 ಕಿ.ಮೀ. ದಾಟುವಂತಿಲ್ಲ. ಇಷ್ಟರಲ್ಲಿ ನಿಧಾನಿಸುವವರನ್ನು ದೂರುವವರು ಒಮ್ಮೆ ಇಂಜಿನ್ ಹತ್ತಿ ನೋಡಲಿ.

ಸಿಗ್ನಲ್ಲನ್ನು ಇಂಜಿನ್ನಿನೊಳಗೇ ತೋರಿಸಿ, ಬೇಕಾದರೆ ತಾನೇ ಬ್ರೇಕ್ ಹಾಕುವ 'ಕವಚ' ನಮ್ಮದೇ ತಂತ್ರಜ್ಞಾನ. ಅದರ ಮೊದಲ 1,465 ಕಿ.ಮೀ. ಬಂದದ್ದು ಮಂಜು ಅಷ್ಟಾಗಿ ಕಾಡದ ದಕ್ಷಿಣ ಮಧ್ಯ ರೈಲ್ವೆಗೆ. ಪ್ರಯೋಗ ಎಲ್ಲಾದರೂ ಶುರುವಾಗಬೇಕಿತ್ತು, ಒಪ್ಪೋಣ. ಆದರೆ ಪ್ರಯಾಣಿಕರ ರೈಲಿನಲ್ಲಿ ಪರೀಕ್ಷೆ ಆರಂಭವಾದದ್ದು 2016ರಲ್ಲಿ, ಉತ್ತರದ ಮಥುರಾ–ಕೋಟಾ ಮಾರ್ಗದಲ್ಲಿ ಕವಚ ಚಾಲನೆಗೆ ಬಂದದ್ದು 2025ರ ಜುಲೈನಲ್ಲಿ. ನಡುವೆ ಎಷ್ಟು ಚಳಿಗಾಲ ಕಳೆದವು!

ರೈಲು ತಡವಾದಾಗ ಮಂಜಿನ ಜತೆಗೇ ಕೊಡುವ ಗೂಡ್ಸ್ ದಟ್ಟಣೆಯ ನೆಪವೂ ಸವೆಯುತ್ತಿದೆ. ಕೆನಡಾದಲ್ಲಿ ಆ ಮಾತಿಗೆ ತೂಕವಿದೆ. ಅಲ್ಲಿನ ಪ್ರಯಾಣಿಕ ರೈಲು ಸಂಸ್ಥೆ ವಯಾ ರೈಲ್ ಬಹುಪಾಲು ಗೂಡ್ಸ್ ಕಂಪನಿಗಳ ಹಳಿಯ ಮೇಲೇ ಓಡಬೇಕು. ಉಷ್ಣಾಂಶ ಮೈನಸ್ 25ಕ್ಕಿಂತ ಇಳಿದರೆ ಬ್ರೇಕ್ ಪೈಪಿನ ಗಾಳಿ ಸೋರುತ್ತದೆಂದು ಗೂಡ್ಸ್ ರೈಲುಗಳ ಉದ್ದ ತಗ್ಗಿಸುತ್ತಾರೆ. ಆಗ ಅಷ್ಟೇ ಸರಕಿಗೆ ಹೆಚ್ಚು ರೈಲು ಬೇಕಾಗಿ ಹಳಿ ಕಿಕ್ಕಿರಿಯುತ್ತದೆ. ನಮ್ಮಲ್ಲೋ, ಗೂಡ್ಸ್ ರೈಲುಗಳಿಗೆ ಬೇರೆ ಹಳಿಯೇ ಇದೆ: ಲೂಧಿಯಾನದಿಂದ ಬಿಹಾರದ ಸೋನ್‌ನಗರದವರೆಗೆ 1,337 ಕಿ.ಮೀ. ಪ್ರತ್ಯೇಕ ಸರಕು ಮಾರ್ಗ ಮಂಜಿನ ಸೀಮೆಯಲ್ಲೇ ಹಾದುಹೋಗಿದೆ.

ರೈಲ್ವೆಗೆ ಕೈಲಾಗದು ಎನ್ನುವಂತೆಯೂ ಇಲ್ಲ. 2025ರಲ್ಲಿ ಆರಂಭವಾದ ಕಟ್ರಾ–ಶ್ರೀನಗರ ವಂದೇ ಭಾರತ್‌ನ ಮುಂಗಾಜಿಗೆ ಹಿಮ ಕಟ್ಟದಂತೆ ಬಿಸಿತಂತಿಯಿದೆ, ನೀರಿನ ಪೈಪುಗಳಿಗೂ ಶಾಖದ ವ್ಯವಸ್ಥೆಯಿದೆ. ಮನಸ್ಸು ಮಾಡಿದ ಕಡೆ ಕೆಲಸವಾಗಿದೆ.

ಹೊಸ ರೈಲು, ಹೊಸ ನಿಲುಗಡೆ ಕೇಳುವುದರಲ್ಲೇ ಅಧಿವೇಶನ ಕಳೆಯುವ ನಮ್ಮ ಸಂಸದರು ಈ ಬಾರಿ ಇಷ್ಟು ಕೇಳಲಿ: ಬೆಂಗಳೂರಿನಿಂದ ದೆಹಲಿವರೆಗಿನ ಇಡೀ ಮಾರ್ಗಕ್ಕೂ ಅಲ್ಲಿ ಓಡುವ ಪ್ರತಿ ಇಂಜಿನ್ನಿಗೂ ಕವಚ ಯಾವ ತಿಂಗಳೊಳಗೆ ಸಿಗುತ್ತದೆ? ಉತ್ತರ ಲಿಖಿತವಾಗಿ ಬರಲಿ.